ಎರಡನೆಯ ಕ್ಲಾರಿನೆಟ್ಟಿನ ಹಿಮ

ಇರ್ವಿಂಗ್: ಮೊಸರು ಮತ್ತು ಒಂದು ಚೀಟಿ

ಅಮೆರಿಕದಲ್ಲಿ ನಾನು ಮೊದಲು ಕಲಿತದ್ದು ಮೊಸರಿಗೆ ಹೆಪ್ಪು ಹಾಕುವುದನ್ನು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಇದನ್ನೂ ಕಲಿಸಬೇಕೇ ಎಂದು ನೀವು ನಗಬಹುದು. ಮೈಸೂರಿನಲ್ಲಿ ಮಲಗುವ ಮುಂಚೆ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟರೆ ಮುಗಿಯಿತು, ಮಿಕ್ಕದ್ದನ್ನು ಹಾಲೇ ನೋಡಿಕೊಳ್ಳುತ್ತದೆ. ಡಲ್ಲಾಸಿನ ಪಕ್ಕದ ಇರ್ವಿಂಗಿನಲ್ಲಿ, ಡಿಸೆಂಬರಿನ ಚಳಿಯಲ್ಲಿ, ಬೆಳಗಾದರೂ ಹಾಲು ಹಾಲಾಗಿಯೇ ಇತ್ತು.

"ಅತ್ತಿಗೆ, ಓವನ್ ಒಳಗಿಟ್ಟು ಬರೀ ಲೈಟ್ ಹಾಕಿ. ಬಿಸಿ ಮಾಡಕ್ ಹೋಗ್ಬೇಡಿ," ಎಂದಳು ನಾದಿನಿ ಸರಳ.

ಒಲೆಯ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಬಲ್ಬು, ಅದರ ಕೆಳಗೆ ಪಾತ್ರೆ. ತೊಟ್ಟಿಲಲ್ಲಿ ಮಗುವನ್ನು ಮಲಗಿಸಿದ ಹಾಗೆ. ಮಾರನೆಯ ದಿನ ಕೆನೆಗಟ್ಟಿದ ಮೊಸರು ಕಂಡಾಗ ನನಗೆ ಈ ದೇಶದಲ್ಲಿ ಬದುಕಬಹುದು ಅನ್ನಿಸಿತು.

ನನ್ನ ಯಜಮಾನರಿಗೆ ಬ್ಯಾಂಕಿನ ಕೆಲಸ. ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೆ ತೆಗೆದುಕೊಂಡು ತಂಗಿಯ ಮನೆ ನೋಡಲು ಹೊರಟಿದ್ದರು, ಜೊತೆಗೆ ನಾನು. ಸರಳ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಗಂಡ ಆ ತಿಂಗಳು ಕಂಪನಿಯ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು. ಮಗಳು ಮೇಘನಾಳಿಗೆ ನಾನು ಹೇಳುವ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ತಾಯಿ ಮಗಳಿಬ್ಬರೂ ಬೆಳಿಗ್ಗೆ ಮನೆಯಿಂದ ಹೊರಟ ಮೇಲೆ ನಾವಿಬ್ಬರು ವಾಕಿಂಗ್ ಹೋಗುತ್ತಿದ್ದೆವು. ಅಲ್ಲಿ ನಡೆಯುವವರೆಂದರೆ ನಾವಿಬ್ಬರೇ. ಎಲ್ಲರೂ ಡ್ರೈವ್ ಮಾಡುವ ಊರಿನಲ್ಲಿ ಸೀರೆಯ ಮೇಲೆ ನಾದಿನಿಯ ಉದ್ದ ತೋಳಿನ ಕೋಟು ಹಾಕಿಕೊಂಡು ಒಬ್ಬ ಹೆಂಗಸು, ಮಂಕಿ ಕ್ಯಾಪಿನಲ್ಲಿ ಒಬ್ಬ ಗಂಡಸು ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದರೆ ಜನ ಕಾರು ನಿಲ್ಲಿಸಿ, "ಕಾರು ಕೆಟ್ಟಿತೇ? ಎಲ್ಲಿಗಾದರೂ ಬಿಡಲೇ?" ಎಂದು ಕೇಳುತ್ತಿದ್ದರು. ಇಲ್ಲ, ಸುಮ್ಮನೆ ನಡೆಯುತ್ತಿದ್ದೇವೆ ಎಂದರೆ ಅವರ ಮುಖದಲ್ಲಿ ನಮ್ಮ ಬಗ್ಗೆ ಇನ್ನಷ್ಟು ಕರುಣೆ. ನಮ್ಮ ಕುವೆಂಪುನಗರದಲ್ಲಿ ನಡೆಯುವವರನ್ನು ಕಂಡು ಸ್ಕೂಟರ್ ನಿಲ್ಲಿಸಿದರೆ ಅದು ವಿಳಾಸ ಕೇಳಲು, ಇಲ್ಲವೇ ಮಗಳ ಮದುವೆಯ ಸುದ್ದಿ ಹೇಳಲು.

ಒಂದು ದಿನ ಗಾಳಿ ಬಹಳ ಜೋರಾಯಿತು. ಮೂಲೆಯ ಚರ್ಚಿನ ಜಗಲಿಯಲ್ಲಿ ಸ್ವಲ್ಪ ನಿಂತೆವು. ಬಾಗಿಲ ಪಕ್ಕದ ಹಲಗೆಗೆ ಒಂದು ಚೀಟಿ ಅಂಟಿಸಿದ್ದರು. ಶನಿವಾರ ಸಂಜೆ ಊರಿನ ಹವ್ಯಾಸಿ ವಾದ್ಯವೃಂದದ ಕಾರ್ಯಕ್ರಮ. ನುಡಿಸಲಿರುವ ಒಂದು ಕೃತಿಯ ಬಗ್ಗೆ ಕೆಳಗೆ ನಾಲ್ಕು ಸಾಲು ವಿವರಣೆ: ಇದು ಚಳಿಗಾಲದ ರಜೆಯ ಒಂದು ದಿನದ ಚಿತ್ರ, ಹಿಮದ ದಾರಿಯಲ್ಲಿ ಗಂಟೆ ಕಟ್ಟಿದ ಕುದುರೆಯ ಜಾರುಗಾಡಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಮಕ್ಕಳ ಆಟ, ಹಿಮಗಡ್ಡೆಯಲ್ಲಿ ಸಿಕ್ಕಿಕೊಂಡು ನಿಂತುಹೋಗುವ ಗಿರಣಿಯ ನೀರಿನ ಚಕ್ರ...

"ಏನೇ ಅದು, ಅಷ್ಟೊತ್ತು ಓದ್ತಿದೀಯ? ಮಹಾಮಂಗಳಾರತಿ ಟೈಮಾ?" ಎಂದರು ಇವರು.

"ರೀ, ಇದು ಅಪ್ಪನ ಹಿಮ," ಎಂದೆ.

ಇವರು ಕ್ಯಾಪನ್ನು ಕಿವಿಯಿಂದ ಮೇಲಕ್ಕೆ ಸರಿಸಿ ತಾವೂ ಓದಿದರು. ಮತ್ತೆ ತಮಾಷೆ ಮಾಡಲಿಲ್ಲ.

ನನ್ನ ತಂದೆ ಅರಮನೆಯ ಕಾಲದ ಇಂಗ್ಲಿಷ್ ಬ್ಯಾಂಡಿನಲ್ಲಿ ಎರಡನೆಯ ಕ್ಲಾರಿನೆಟ್ ನುಡಿಸುತ್ತಿದ್ದರು. ಮೊದಲನೆಯ ಕ್ಲಾರಿನೆಟ್ಟಿಗೆ ರಾಗ, ಎರಡನೆಯದಕ್ಕೆ ಅದರ ಕೆಳಗಿನ ಕೆಲಸ. ಪ್ರತಿ ವರ್ಷ ಡಿಸೆಂಬರಿನಲ್ಲಿ ಪರದೇಶದ ಅತಿಥಿಗಳಿಗಾಗಿ ಅವರು ನುಡಿಸುತ್ತಿದ್ದ ಒಂದು ದೊಡ್ಡ ಕೃತಿಯಿತ್ತು. ಅದರ ಇಂಗ್ಲಿಷ್ ಹೆಸರು ನಮಗೆ ತಿಳಿಯದು, ಮನೆಯಲ್ಲಿ ಅದು 'ಅಪ್ಪನ ಹಿಮ'. ಅಪ್ಪ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದದ್ದು ತಮ್ಮ ಪಾಲನ್ನಷ್ಟೇ. ನಾಲ್ಕು ಸ್ವರ ನುಡಿಸಿ ನಿಲ್ಲಿಸುವುದು, ಬೆರಳ ಗೆಣ್ಣುಗಳ ಮೇಲೆ ಎಣಿಸುವುದು, ಮತ್ತೆ ಒಂದು ಸ್ವರ, ಮತ್ತೆ ಎಣಿಕೆ. ನಡುವೆ ಖಾಲಿ ಬಿಟ್ಟ ಜಾಗದಲ್ಲಿ ಸೌದೆ ಸೀಳುವ ಸದ್ದು, ಪಕ್ಕದ ಮನೆಯ ಕೂಸಿನ ಅಳು, ಅಮ್ಮನ ಗೊಣಗು.

"ವಾಲಗದೋರು ಒಂದು ಮುಹೂರ್ತಕ್ಕೆ ಹತ್ತು ಕೃತಿ ಮುಗಿಸ್ತಾರೆ. ನಿಮ್ದು ವರ್ಷದಿಂದ ಒಂದು ಹಾಡು ಆಗ್ಲಿಲ್ಲವಲ್ಲ!" ಎನ್ನುತ್ತಿದ್ದಳು ಅಮ್ಮ.

"ಇದು ಗಿರಣಿ ಚಕ್ರ ಕಣೇ. ಮಂಜಲ್ಲಿ ಸಿಕ್ಕಿಹಾಕ್ಕೊಂಡಿದೆ. ನಿಧಾನ," ಎನ್ನುತ್ತಿದ್ದರು ಅಪ್ಪ.

ಅವರು ಹಿಮ ಕಂಡವರಲ್ಲ. ಗಾಡಿ, ಕೆರೆ, ಚಕ್ರ ಎಂದು ಅವರು ಹೇಳುತ್ತಿದ್ದ ಕತೆ ಕೇಳಿ ಕೇಳಿ ನಮಗೆ ಆ ಊರು ಶ್ರೀರಂಗಪಟ್ಟಣದಷ್ಟೇ ಗುರುತಾಗಿತ್ತು. ಪೂರ್ತಿ ಹಾಡಿ ತೋರಿಸಿ ಎಂದು ಪೀಡಿಸಿದರೆ, "ಇನ್ನೊಬ್ಬರ ಪಾಲು ನಾನು ಹಾಡಿದ್ರೆ ಅದು ಸುಳ್ಳಾಗುತ್ತಮ್ಮಾ. ಎಲ್ಲರೂ ಸೇರಿ ನುಡಿಸುವಾಗ ಕೇಳು," ಎನ್ನುತ್ತಿದ್ದರು. ಆದರೆ ಆ ಕಾರ್ಯಕ್ರಮಕ್ಕೆ ಮನೆಯವರನ್ನು ಬಿಡುತ್ತಿರಲಿಲ್ಲ. ನಾನು ದೊಡ್ಡವಳಾಗುವಷ್ಟರಲ್ಲಿ ಬ್ಯಾಂಡು ಆ ಬಗೆಯ ಕೃತಿಗಳನ್ನೇ ಕೈಬಿಟ್ಟಿತು. ಅಪ್ಪ ಹೋಗಿ ಬಹಳ ವರ್ಷವಾಯಿತು. ಮೈಸೂರು, ಬೆಂಗಳೂರಿನ ಕ್ಯಾಸೆಟ್ ಅಂಗಡಿಗಳಲ್ಲಿ ಗಿರಣಿ ಚಕ್ರ ನಿಂತುಹೋಗುವ ಹಾಡು ಇದೆಯೇ ಎಂದು ಕೇಳಿದಾಗ ಅಂಗಡಿಯವರು ನನ್ನನ್ನು ನೋಡುತ್ತಿದ್ದ ರೀತಿಯನ್ನು ನೀವು ಊಹಿಸಿಕೊಳ್ಳಿ. ಒಂದೇ ಒಂದು ಸಲ ಅದನ್ನು ಪೂರ್ತಿ ಕೇಳಬೇಕು, ಅಪ್ಪನ ಸುತ್ತ ಏನಿತ್ತು ಎಂದು ತಿಳಿಯಬೇಕು. ಇದು ನನ್ನ ಬಹುಕಾಲದ ಆಸೆ.

ಆ ಸಂಜೆ ಊಟದ ಮೇಜಿನ ಮುಂದೆ ನನಗೆ ಬರುವಷ್ಟನ್ನು ಹಾಡಿ ತೋರಿಸಿದೆ. ಚಿಕ್ಕಂದಿನಲ್ಲಿ ವೀಣೆ ಪಾಠಕ್ಕೆ ಹೋಗುತ್ತಿದ್ದವಳು, ಅಪ್ಪನ ಪಾಲನ್ನು ಸ್ವರ ಹಾಕಿಕೊಂಡೇ ಕಲಿತಿದ್ದೆ. ಕೈಯಲ್ಲಿ ತಾಳ ಹಾಕುತ್ತ, ಮಂದ್ರದಲ್ಲಿ, "ಪಾ... ಪಾ... ಮ ಪಾ..." ಎಂದೆ. ಆಮೇಲೆ ಸುಮ್ಮನೆ ತಾಳ. ಆಮೇಲೆ ಮತ್ತೊಂದು "ಪಾ".

ಮೇಘನಾ ತಾಯಿಯ ಮುಖ ನೋಡಿದಳು. "ಅತ್ತೆ, ಈಸ್ ದಟ್ ಇಟ್?"

"ಅತ್ತಿಗೆ, ಇದರಲ್ಲಿ ಹಾಡಿಗಿಂತ ತಾಳಾನೇ ಜಾಸ್ತಿ ಇದೆ," ಎಂದು ಸರಳ ನಕ್ಕಳು. ನಕ್ಕರೂ ಮಾರನೆಯ ದಿನ ಕೆಲಸದಿಂದ ಬರುವಾಗ ನಾಲ್ಕು ಟಿಕೆಟ್ ತಂದಳು.

ಇರ್ವಿಂಗ್: ಊರಿಗೆ ಗಾಜು ಹಚ್ಚಿದ ದಿನ

ಶುಕ್ರವಾರ ರಾತ್ರಿಯೆಲ್ಲ ಮಳೆಯ ಸದ್ದಿತ್ತು. ಶನಿವಾರ ಎದ್ದು ಕಿಟಕಿ ತೆರೆದರೆ ಹಿಮವಿರಲಿಲ್ಲ, ಗಾಜಿತ್ತು. ಬಿದ್ದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿತ್ತು. ಹುಲ್ಲಿನ ಒಂದೊಂದು ಎಸಳಿಗೂ, ತಂತಿಗೂ, ಮೇಘನಾಳ ಹಳೆಯ ಸೈಕಲ್ಲಿಗೂ ಯಾರೋ ಗಾಜಿನ ಒರೆ ಹೊಲಿದು ತೊಡಿಸಿದ್ದರು. ಗಾಳಿ ಬಂದರೆ ಮರಗಳು ಬಳೆ ತೊಟ್ಟವರಂತೆ ಸದ್ದು ಮಾಡುತ್ತಿದ್ದವು.

ಸರಳ ಟಿವಿ ಹಾಕಿದಳು. ಪರದೆಯ ಕೆಳಗೆ ಹೆಸರುಗಳು ಸಾಲಾಗಿ ಓಡುತ್ತಿದ್ದವು. ಲೈಬ್ರರಿಗಳು, ಅಂಗಡಿಗಳು, ಚರ್ಚುಗಳು, ಎಲ್ಲ ಬಂದ್. ನಮ್ಮಲ್ಲಿ ಬಂದ್ ಎಂದರೆ ಯಾರಾದರೂ ಕರೆ ಕೊಡಬೇಕು, ಟೈರು ಸುಡಬೇಕು. ಇಲ್ಲಿ ಒಂದು ಮಳೆ ಗಲಾಟೆಯಿಲ್ಲದೆ ಅದನ್ನು ಮಾಡಿ ಹೋಗಿತ್ತು.

"ಕಾರ್ಯಕ್ರಮ ಸಂಜೆ ತಾನೇ? ಅಷ್ಟರಲ್ಲಿ ಕರಗುತ್ತೆ ಬಿಡು," ಎಂದ ಇವರು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಹಬೆಯಾಡುವ ಬಿಸಿನೀರಿನ ಪಾತ್ರೆ. ನೇರವಾಗಿ ಕಾರಿನ ಕಡೆ ನಡೆದರು.

"ಅಣ್ಣಾ! ಬೇಡ! ಗ್ಲಾಸ್ ಒಡೆದುಹೋಗತ್ತೆ!" ಸರಳ ಬಾಗಿಲಿಂದಲೇ ಕಿರುಚಿದಳು.

ಇವರು ಬೆಚ್ಚಿ ಹಿಂದಕ್ಕೆ ತಿರುಗಿದರು. ಮೆಟ್ಟಿಲಿನ ಮೇಲೆ ಕಾಲು ಜಾರಿತು. ಬಿದ್ದದ್ದು ಹುಲ್ಲಿನ ಮೇಲೆ, ಪುಣ್ಯ. ಪಾತ್ರೆ ಮಾತ್ರ ಗಾಜಿನ ರಸ್ತೆಯ ಮೇಲೆ ಜಾರುತ್ತ, ಸುತ್ತುತ್ತ, ಎದುರು ಮನೆಯ ಅಂಚೆಪೆಟ್ಟಿಗೆಯ ಕಂಬಕ್ಕೆ ತಾಗಿ ನಿಂತಿತು. ಎದುರು ಮನೆಯ ಮುದುಕರು ಬಾಗಿಲು ತೆರೆದು, ಪಾತ್ರೆಯನ್ನು ನೋಡಿ, ನಮ್ಮವರನ್ನು ನೋಡಿ, "ಗುಡ್ ಮಾರ್ನಿಂಗ್" ಎಂದರು. ಇವರೂ ಹುಲ್ಲಿನ ಮೇಲೆ ಕೂತಲ್ಲಿಂದಲೇ "ಗುಡ್ ಮಾರ್ನಿಂಗ್" ಎಂದರು.

ಮಧ್ಯಾಹ್ನದ ಹೊತ್ತಿಗೆ ಓಡುವ ಹೆಸರುಗಳ ಸಾಲಿನಲ್ಲಿ ನಮ್ಮ ಚರ್ಚಿನ ಹೆಸರೂ ಬಂತು. ಹಿಮದ ಸಂಗೀತವನ್ನು ಹೆಪ್ಪುಗಟ್ಟಿದ ಮಳೆಯೇ ರದ್ದು ಮಾಡಿತ್ತು. ನಾನು ಅಡುಗೆಮನೆಗೆ ಹೋಗಿ ಯಾರೂ ಕೇಳದಿದ್ದರೂ ಒಂದು ರಾಶಿ ಚಪಾತಿ ಒತ್ತಿದೆ.

ಸೋಮವಾರ ಸರಳ ಚರ್ಚಿನ ಆಫೀಸಿಗೆ ಫೋನ್ ಮಾಡಿದಳು. ಟಿಕೆಟ್ಟಿನ ಹಣ ವಾಪಸು ಕೊಡುತ್ತಾರಂತೆ, ಆದರೆ ಕಾರ್ಯಕ್ರಮ ಮತ್ತೆ ಇಲ್ಲ. ಆ ಕೃತಿಯ ಸ್ವರಲಿಪಿಯ ಹಾಳೆಗಳು ಬಾಡಿಗೆಯವಂತೆ. ಮದುವೆಗೆ ಪಾತ್ರೆ ತರುತ್ತೇವಲ್ಲ, ಹಾಗೆ. ಒಂದು ಊರಿನವರದು ಮುಗಿದರೆ ಕಟ್ಟು ಇನ್ನೊಂದು ಊರಿಗೆ ಹೋಗಬೇಕು.

"ಎಲ್ಲಿಗೆ ಹೋಯ್ತಂತೆ?" ಎಂದೆ.

"ಆಸ್ಟಿನ್ ಹತ್ರ, ಸೀಡರ್ ಪಾರ್ಕಂತೆ. ಅಲ್ಲಿ ಕನ್ಸರ್ಟು ನೆಕ್ಸ್ಟ್ ವೀಕೆಂಡ್ ಅಲ್ಲ, ಅದರ ನೆಕ್ಸ್ಟು. ನಿಮ್ ಫ್ಲೈಟ್ ಅದಕ್ಕೆ ಮುಂಚೆ ಮಂಗಳವಾರ ಇದೆ ಅತ್ತಿಗೆ."

ಹ್ಯೂಸ್ಟನ್: ಹತ್ತಿಯ ಹಿಮ

ಹ್ಯೂಸ್ಟನ್ನಿಗೆ ನಾವು ಹೋಗಬೇಕಾಗಿದ್ದದ್ದು ಒಂದು ಡಬ್ಬಿಯ ಸಲುವಾಗಿ. ನಮ್ಮ ಬೀದಿಯ ಟೀಚರ್ ಒಬ್ಬರು, ಮಂಗಳೂರಿನ ಕಡೆಯ ಕ್ರೈಸ್ತರು, ಅಲ್ಲಿ ಓದುತ್ತಿದ್ದ ಮಗ ರೋಶನ್‌ಗೆ ಕ್ರಿಸ್‌ಮಸ್ಸಿನ ತಿಂಡಿ ಕಳಿಸಿದ್ದರು. ಹಬ್ಬಕ್ಕೆ ಮಾಡುವ ಬಗೆಬಗೆಯ ತಿಂಡಿಗಳನ್ನು ಕೂಡಿಸಿ ಅವರು ಕುಸ್ವಾರ್ ಎನ್ನುತ್ತಾರೆ. ಅದನ್ನು ಕೈಯಾರೆ ತಲುಪಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಸರಳ ರಜೆ ಹಾಕಿ, ಮೇಘನಾಳನ್ನೂ ಕೂರಿಸಿಕೊಂಡು, ತನ್ನ ವ್ಯಾನಿನಲ್ಲಿ ನಮ್ಮನ್ನು ಕರೆದುಕೊಂಡು ಹೊರಟಳು. ಹ್ಯೂಸ್ಟನ್ನಿನಲ್ಲಿ ರಾಕೆಟ್ ನೋಡುವ ಜಾಗವಿದೆಯಲ್ಲ, ಇವರಿಗೆ ಅದರದೇ ಧ್ಯಾನ.

ಗಾಜಿನ ಊರಿನಿಂದ ಹೊರಟವರು ಅದೇ ವಾರ ಬೆವರಿನ ಊರಿಗೆ ಬಂದಿಳಿದೆವು. ಒಂದೇ ರಾಜ್ಯ ಎಂದರೆ ನಂಬುವುದು ಕಷ್ಟ. ಮಂಗಳೂರಿನ ಹಾಗೆ ಮೈಗಂಟುವ ಸೆಕೆ. ಆ ಸೆಕೆಯಲ್ಲೂ ಅಂಗಡಿಯ ಗಾಜುಗಳ ಮೇಲೆಲ್ಲ ಬಿಳಿ ನೊರೆಯಿಂದ ಹಿಮ ಬರೆದಿದ್ದರು. ರೋಶನ್ ನಮ್ಮನ್ನು ಹಿಲ್‌ಕ್ರಾಫ್ಟ್ ರಸ್ತೆಗೆ ಕರೆದೊಯ್ದ. ಸೀರೆ ಅಂಗಡಿ, ದಿನಸಿ ಅಂಗಡಿ, ದೋಸೆ ಹೋಟೆಲು, ಎಲ್ಲವೂ ನಮ್ಮವೇ. ಒಂದು ದಿನಸಿ ಅಂಗಡಿಯವರು ಬಾಗಿಲಲ್ಲಿ ಕ್ರಿಸ್‌ಮಸ್ ಗಿಡ ನಿಲ್ಲಿಸಿ ಅದರ ಮೇಲೆ ಹಿಮ ಹರಡಿದ್ದರು. ಹತ್ತಿರ ಹೋಗಿ ಮುಟ್ಟಿದೆ. ದೇವರ ದೀಪಕ್ಕೆ ಮಾರುವ ಹತ್ತಿಯ ಬತ್ತಿ!

"ಸಂಜೆ ದೀಪ ಹಚ್ಚೋರು ಯಾರಾದ್ರೂ ಕೇಳಿದ್ರೆ ಹಿಮದಿಂದ ನಾಲ್ಕು ಕಿತ್ತು ಕೊಡ್ತಾರೆ ಆಂಟಿ, ನಾನೇ ನೋಡಿದೀನಿ," ಎಂದ ರೋಶನ್.

ಅವನ ಕೋಣೆಯಲ್ಲಿ ಡಬ್ಬಿ ಕೊಟ್ಟೆ. ಮುಚ್ಚಳ ತೆರೆದವನು ಏನನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ತಲೆ ಬಗ್ಗಿಸಿ ಸುಮ್ಮನೆ ವಾಸನೆ ನೋಡಿದ. ತೆಂಗಿನಕಾಯಿ, ಏಲಕ್ಕಿ, ಕರಿದ ಎಳ್ಳು. ಆಮೇಲೆ ಮುಚ್ಚಳ ಹಾಕಿ, "ಹಬ್ಬದ ದಿನ ತಿಂತೀನಿ," ಎಂದು ಕಿಟಕಿಯ ಕಡೆ ತಿರುಗಿ ನಿಂತ. ನಾವೆಲ್ಲ ಸ್ವಲ್ಪ ಹೊತ್ತು ಅವನ ಪುಸ್ತಕಗಳನ್ನು ನೋಡಿದೆವು.

ಮಾತು ಬದಲಿಸಲೆಂದು ಇವರೇ ನನ್ನ ಹಿಮದ ಕತೆ ತೆಗೆದರು. ರೋಶನ್ ಚರ್ಚಿನಲ್ಲಿ ಹಾಡುವ ಹುಡುಗ. ಹಾಡಿ ಆಂಟಿ ಎಂದ. ಹಾಡಿದೆ. ಅವನು ನಗಲಿಲ್ಲ.

"ಆಂಟಿ, ಇದು ಹಾಡಲ್ಲ, ಒಂದು ಗೋಡೆ. ಮನೆ ಬೇರೆ ಇದೆ. ನಮ್ ಕ್ವಾಯರಲ್ಲಿ ನಂದು ಬೇಸ್ ಪಾರ್ಟು, ಅಂದ್ರೆ ಎಲ್ಲಕ್ಕಿಂತ ಕೆಳಗಿನ ದನಿ. ಮನೇಲಿ ಪ್ರಾಕ್ಟೀಸ್ ಮಾಡಿದ್ರೆ ಅಮ್ಮ ಬಂದು ಹೊಟ್ಟೆ ನೋವಾ ಮಗಾ ಅಂತ ಕೇಳ್ತಿದ್ರು."

"ನಮ್ಮಮ್ಮನೂ ಹಾಗೇ ಕಣೋ."

"ಕನ್ಸರ್ಟ್ ಸಿಗದಿದ್ರೆ ಏನಂತೆ, ರಿಹರ್ಸಲ್ ಮಾಡೇ ಮಾಡ್ತಾರಲ್ಲ? ಇ-ಮೇಲ್ ಹಾಕಿ ಕೇಳೋಣ."

ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಅವನು ಕಂಪ್ಯೂಟರಿನ ಮುಂದೆ ಕೂತು ಆಸ್ಟಿನ್ನಿನ ವಾದ್ಯವೃಂದದ ವಿಳಾಸ ಹುಡುಕಿ ಬರೆದ. ಮೈಸೂರಿನಿಂದ ಬಂದ ಒಬ್ಬ ಮಹಿಳೆ, ಅವರ ತಂದೆ ಇದೇ ಕೃತಿಯಲ್ಲಿ ಎರಡನೆಯ ಕ್ಲಾರಿನೆಟ್ ನುಡಿಸುತ್ತಿದ್ದರೆಂದು ತೋರುತ್ತದೆ, ಮೂಲೆಯಲ್ಲಿ ಕೂತು ಕೇಳಬಹುದೇ ಎಂದು. ಮಾರನೆಯ ಬೆಳಿಗ್ಗೆ ಉತ್ತರ ಬಂತು. ಡೊರೊಥಿ ಎಂಬುವರು ಬರೆದಿದ್ದರು: ಶನಿವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಅಭ್ಯಾಸ, ಬನ್ನಿ, ನಾನೇ ಎರಡನೆಯ ಕ್ಲಾರಿನೆಟ್.

ಸಮಸ್ಯೆ ಒಂದೇ. ಶನಿವಾರ ಇಟ್ಟುಕೊಂಡಿದ್ದದ್ದು ರಾಕೆಟ್. ನಾನು ಕಾಫಿ ಲೋಟವನ್ನು ಎರಡೆರಡು ಸಲ ತೊಳೆದೆ.

"ಸರಳಾ, ಆಸ್ಟಿನ್ ಎಷ್ಟು ದೂರಾನೇ?" ಎಂದರು ಇವರು.

"ಮೂರು ಗಂಟೆ ಡ್ರೈವು. ನಿನ್ ರಾಕೆಟ್ ಅಣ್ಣಾ?"

"ಅದು ನಿಂತಿರೋ ರಾಕೆಟ್ ತಾನೇ. ಎಲ್ಲೂ ಹೋಗಲ್ಲ ಬಿಡು."

ದಾರಿಯಲ್ಲಿ

ಹ್ಯೂಸ್ಟನ್ನಿನಿಂದ ಆಸ್ಟಿನ್ನಿನ ದಾರಿ ಮೊದಲು ಚಪ್ಪಟೆ, ಆಮೇಲೆ ನಿಧಾನಕ್ಕೆ ಏರಿಳಿತ. ಬೇಲಿಯ ಹಿಂದೆ ದನಗಳು ನಿಂತಿದ್ದವು. ಕಾಯುವವರು ಕಾಣಲಿಲ್ಲ. ಊರೇ ಕಾಣದ ಕಡೆ ದೊಡ್ಡ ಕಮಾನು, ಅದರ ಮೇಲೆ ಯಾರದೋ ಮನೆತನದ ಹೆಸರು, ಮನೆ ಮಾತ್ರ ಕಣ್ಣಿಗೆ ಬೀಳದಷ್ಟು ಒಳಗೆ. ಪೆಟ್ರೋಲ್ ಹಾಕಿಸಲು ನಿಂತಲ್ಲಿ ವ್ಯಾನಿನ ಹಿಂಬಾಗಿಲು ತೆರೆದು ಮೊಸರನ್ನ ಕಲಸಿದೆ. ಎತ್ತರದ ಟೋಪಿಯ ಒಬ್ಬರು ನಮ್ಮ ಮುಂದೆ ಹಾದು ಹೋಗುವಾಗ ಟೋಪಿಯ ಅಂಚು ಮುಟ್ಟಿ, "ಕ್ಷಮಿಸಿ" ಎಂದರು. ನಮಗೂ ಅವರಿಗೂ ನಡುವೆ ಒಂದು ಲಾರಿ ಹೋಗುವಷ್ಟು ಜಾಗವಿತ್ತು. ಇಲ್ಲಿಯ ಜನ ಎದುರಿಗೆ ಹಾದುಹೋಗುವುದಕ್ಕೂ ಕ್ಷಮೆ ಕೇಳುತ್ತಾರೆ. ನಮ್ಮ ಸಿಟಿ ಬಸ್ಸಿನಲ್ಲಿ ಕಾಲು ತುಳಿದವರು, ಕಾಲು ಯಾಕೆ ಅಲ್ಲಿಟ್ಟಿದ್ದೆ ಎಂದು ಕೇಳುತ್ತಾರೆ.

"ಅತ್ತೆ, ವಾಟ್ ಇಫ್ ಇಟ್ಸ್ ನಾಟ್ ದ ಸೇಮ್ ಒನ್?" ಎಂದಳು ಮೇಘನಾ, ಉಪ್ಪಿನಕಾಯಿ ಚೀಪುತ್ತ.

"ಬೇರೆಯದ್ದಾಗಿದ್ರೆ ಬೇರೆಯದ್ದನ್ನೇ ಕೇಳ್ಕೊಂಡ್ ಬರೋದು," ಎಂದೆ. ಹಾಗೆಂದೆನೇ ಹೊರತು ನನ್ನ ಪಾಲಿನ ಮೊಸರನ್ನವನ್ನು ಪಾತ್ರೆಗೆ ವಾಪಸು ಹಾಕಿದೆ.

ಸೀಡರ್ ಪಾರ್ಕ್: ಅಭ್ಯಾಸ

ಒಂದೇ ಅಚ್ಚಿನಿಂದ ತೆಗೆದಂತಹ ಮನೆಗಳ ಬಡಾವಣೆ ದಾಟಿ ಶಾಲೆ. ಮಿಕ್ಕವರು ಸರಳಳ ಗೆಳತಿಯ ಮನೆಗೆ ಹೋದರು. ನಾನೊಬ್ಬಳೇ ಹಾಲಿನ ಹಿಂದಿನ ಸಾಲಿನಲ್ಲಿ ಕೂತೆ. ನೆಲಕ್ಕೆ ಹಚ್ಚಿದ ಪಾಲಿಶಿನ ವಾಸನೆ. ವಾದಕರೆಲ್ಲ ಜೀನ್ಸು, ಟೀ ಶರ್ಟು. ಕೈಯಾಡಿಸಿ ಎಲ್ಲರನ್ನೂ ನುಡಿಸುವ ನಿರ್ವಾಹಕರು ಒಂದು ಸ್ಟೂಲಿನ ಮೇಲೆ ಕೂತ ಉದ್ದನೆಯ ಮನುಷ್ಯ, ವಾರದ ದಿನಗಳಲ್ಲಿ ಲೆಕ್ಕದ ಮೇಷ್ಟರಂತೆ. ಕುದುರೆಯ ಗಂಟೆಗಳನ್ನು ಪೋಣಿಸಿದ ಪಟ್ಟಿಯನ್ನು ಒಬ್ಬಾಕೆ ಮಡಿಲಲ್ಲಿ ಬೆಕ್ಕಿನಂತೆ ಇಟ್ಟುಕೊಂಡಿದ್ದಳು.

ಗುಂಗುರು ಬಿಳಿಗೂದಲಿನ ಹೆಂಗಸೊಬ್ಬರು ಕ್ಲಾರಿನೆಟ್ಟಿನ ಊದುವ ತುದಿಗೆ ಕಟ್ಟುವ ಬಿದಿರುಪಟ್ಟಿಯನ್ನು ಎಲೆ ಅಡಿಕೆ ಹಾಕಿಕೊಂಡವರ ಹಾಗೆ ಬಾಯಲ್ಲಿ ನೆನೆಸುತ್ತ ನನ್ನತ್ತ ಕೈ ಬೀಸಿದರು. ಡೊರೊಥಿ. ಅವರು ಹಲ್ಲಿನ ಡಾಕ್ಟರು.

ಅಭ್ಯಾಸ ಶುರುವಾಯಿತು. ನನಗೆ ತಲೆಬುಡ ತಿಳಿಯಲಿಲ್ಲ. ನಡುವಿನಿಂದ ಎತ್ತಿಕೊಂಡರು, ನಿಲ್ಲಿಸಿದರು. ಕೊನೆಯ ಕಡೆಯದನ್ನು ನುಡಿಸಿದರು, ಮತ್ತೆ ನಿಲ್ಲಿಸಿದರು. ದರ್ಜಿ ತೋಳು ಮೊದಲು ಹೊಲಿದು, ಆಮೇಲೆ ಕೊರಳು, ಆಮೇಲೆ ಬೆನ್ನು ಹೊಲಿದಂತೆ. ಇದು ಯಾರ ಅಂಗಿ ಎಂದು ಹೇಗೆ ಹೇಳುವುದು? ಒಂದು ಸಲ ಗಂಟೆಗಳು ಬಂದವು, ಇನ್ನೊಂದು ಸಲ ಪಿಟೀಲುಗಳು ಜಾರಿದವು. ಅಪ್ಪನ ನಾಲ್ಕು ಸ್ವರ ಎಲ್ಲಿಯೂ ಇಲ್ಲ.

ನಡುವೆ ಬಿಡುವು ಕೊಟ್ಟರು. ಡೊರೊಥಿ ಎರಡು ಲೋಟ ಕಿತ್ತಳೆ ರಸ ಹಿಡಿದು ಬಂದು ಪಕ್ಕದಲ್ಲಿ ಕೂತರು. ನಿಮ್ಮ ತಂದೆಯದು ಇದೇ ಕೃತಿಯೇ ಎಂದು ಕೇಳಿದರು. ನನಗೆ ಗೊತ್ತಿರುವುದು ಇಷ್ಟೇ ಎಂದು ತಾಳ ಹಾಕಿ ಮೆಲ್ಲಗೆ ಹಾಡಿದೆ. ಪಾ... ಪಾ... ಮ ಪಾ... ಖಾಲಿ ತಾಳದಲ್ಲಿ ನಾನು ಕೈ ತಿರುಗಿಸುತ್ತಿದ್ದಂತೆ ಅವರೂ ತುಟಿಯಲ್ಲೇ ಎಣಿಸಲು ಶುರು ಮಾಡಿದರು. ಮುಂದಿನ "ಪಾ" ಇಬ್ಬರ ಬಾಯಿಂದಲೂ ಒಟ್ಟಿಗೆ ಬಂತು.

ಅವರು ಲೋಟ ಕೆಳಗಿಟ್ಟರು. "ಇದು ನನ್ನ ಪಾಲು! ಇದನ್ನು ಭೂಮಿಯ ಮೇಲೆ ಇನ್ನೊಬ್ಬರು ಹಾಡಿದ್ದು ನಾನು ಕೇಳಿಲ್ಲ. ನನ್ನ ಗಂಡ ಇದು ಶುರುವಾದರೆ ಎದ್ದು ನಾಯಿಯನ್ನು ತಿರುಗಾಡಿಸಲು ಹೋಗುತ್ತಾರೆ," ಎಂದು ನಕ್ಕರು. ನನಗೂ ನಗು ಬಂತು. ಮೂಗು ಒರೆಸಿಕೊಳ್ಳಬೇಕಾಯಿತು.

ಬಿಡುವು ಮುಗಿದ ಮೇಲೆ ನಿರ್ವಾಹಕರು ಗಡಿಯಾರ ನೋಡಿಕೊಂಡರು. ಹೊತ್ತಾಯಿತು, ಇವತ್ತು ಇನ್ನೊಂದೆರಡು ಕಡೆ ತಿದ್ದೋಣ, ಮೊದಲಿನಿಂದ ಕೊನೆಯವರೆಗೆ ನುಡಿಸುವುದನ್ನು ಗುರುವಾರಕ್ಕಿಡೋಣ ಎಂದರು. ಗುರುವಾರ ನಾನು ಮೈಸೂರಿನಲ್ಲಿ ಕಾಯಿ ತುರಿಯುತ್ತಿರುತ್ತೇನೆ.

ಡೊರೊಥಿ ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದರು. "ಹಿಂದೆ ಕೂತಿರುವವರ ತಂದೆ ಇಂಡಿಯಾದಲ್ಲಿ ನನ್ನ ಪಾಲು ನುಡಿಸುತ್ತಿದ್ದರು. ಇವರು ಪೂರ್ತಿಯಾಗಿ ಒಮ್ಮೆಯೂ ಕೇಳಿಲ್ಲ. ಮಂಗಳವಾರ ಹೊರಟುಹೋಗುತ್ತಾರೆ."

ಎಲ್ಲರೂ ತಿರುಗಿದರು. ನಾನು ಅಭ್ಯಾಸಬಲದಿಂದ ಎದ್ದು ನಿಂತೆ. ಕೋಟಿನ ತೋಳು ಬೆರಳು ಮುಚ್ಚಿತ್ತು.

"ಎರಡನೆಯ ಕ್ಲಾರಿನೆಟ್ಟೇ?" ಎಂದು ನಿರ್ವಾಹಕರು ಕೇಳಿದರು.

"ಹೌದು," ಎಂದೆ.

"ಹಾಗಾದರೆ ಎಣಿಕೆ ತಪ್ಪಿದರೆ ನಿಮಗೆ ಗೊತ್ತಾಗಿಬಿಡುತ್ತದೆ," ಎಂದು ನಕ್ಕು, ಹಾಳೆಗಳನ್ನು ಮೊದಲ ಪುಟಕ್ಕೆ ತಿರುವಿದರು.

ಹೇಗೆ ಹೇಳಲಿ? ಪಿಟೀಲುಗಳು ಎಷ್ಟು ಮೆಲ್ಲಗೆ ಶುರುವಾದವೆಂದರೆ, ಶುರುವಾದದ್ದು ತಿಳಿಯುವ ಮೊದಲೇ ಊರೆಲ್ಲ ಬೆಳ್ಳಗಾಗಿತ್ತು. ಗಂಟೆ ಕಟ್ಟಿದ ಗಾಡಿ ಎಲ್ಲೋ ದೂರದಿಂದ ಬಂದು, ನನ್ನ ಪಕ್ಕದಲ್ಲೇ ಹಾದು, ತಿರುವಿನಲ್ಲಿ ಮರೆಯಾಯಿತು. ಕೆರೆಯ ಮೇಲೆ ಕೊಳಲುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋದವು, ಒಂದು ಬಿತ್ತು, ಎದ್ದಿತು. ಅಪ್ಪ ಬೆರಳ ಗೆಣ್ಣು ಎಣಿಸುತ್ತ ಬಿಟ್ಟ ಖಾಲಿ ಜಾಗವೆಂದು ನಾನು ಅಂದುಕೊಂಡಿದ್ದದ್ದೆಲ್ಲ ಇದು. ಅಲ್ಲಿ ಒಂದು ಊರೇ ವಾಸವಾಗಿತ್ತು.

ಆದರೆ ಅಪ್ಪ ಎಲ್ಲಿ? ಕಿವಿಗೊಟ್ಟು ಹುಡುಕಿದೆ. ಡೊರೊಥಿಯ ಕೆನ್ನೆ ಉಬ್ಬುವುದು, ಬೆರಳು ಏಳುವುದು ಕಾಣುತ್ತಿತ್ತು, ಅವರ ಸ್ವರ ಮಾತ್ರ ಕೇಳುತ್ತಿರಲಿಲ್ಲ. ಅಷ್ಟು ಜನರ ನಡುವೆ ಅದು ಸಾರಿನಲ್ಲಿ ಉಪ್ಪಿನಂತೆ ಕರಗಿತ್ತು. ಗಿರಣಿಯ ಹತ್ತಿರ ಬಂದಾಗ ಎಲ್ಲ ವಾದ್ಯಗಳೂ ಒಂದೊಂದಾಗಿ ಹಿಂದೆ ಸರಿದವು. ಚಕ್ರ ಒಂದು ಸುತ್ತು ತಿರುಗಿತು, ಅರ್ಧ ಸುತ್ತು, ಕಾಲು. ಆಗ ಕೊನೆಯಲ್ಲಿ ಅಡಿಯಲ್ಲೆಲ್ಲೋ ಒಂದೇ ಒಂದು "ಪಾ" ಉಳಿಯಿತು. ಒಂದು ಉಸಿರು ಹಿಡಿಯುವಷ್ಟು ಹೊತ್ತು. ಆಮೇಲೆ ಅದೂ ನಿಂತಿತು.

ಡೊರೊಥಿ ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. ಮುಗಿಯಿತು ಎಂದು ಚಪ್ಪಾಳೆಗೆ ಕೈ ಎತ್ತಿದೆ. ನನಗೆ ಗೊತ್ತಿದ್ದ ಹಿಮ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಸಂಗೀತ ನಿಲ್ಲಲಿಲ್ಲ. ಎರಡನೆಯ ಕ್ಲಾರಿನೆಟ್ಟಿಗೆ ಇನ್ನು ಕೆಲಸವಿಲ್ಲ, ಹಾಡು ಮಾತ್ರ ಮುಂದಕ್ಕೆ ಹೋಯಿತು. ಜನರೆಲ್ಲ ಮನೆ ಸೇರಿದ ಮೇಲೆ, ಯಾರೂ ಇಲ್ಲದ ದಾರಿಯ ಮೇಲೆ, ತೆಳ್ಳಗೆ ಪಿಟೀಲುಗಳು, ದೂರದ ಒಂದು ಗಂಟೆ. ಗಾಡಿಯ ಗುರುತುಗಳ ಮೇಲೆ ಹಿಮ ಬೀಳುತ್ತ, ಬೀಳುತ್ತ, ಎಲ್ಲವನ್ನೂ ಮುಚ್ಚುತ್ತ ಹೋಯಿತು. ಅಷ್ಟು ಚೆಂದದ್ದನ್ನು ನಾನು ಕೇಳಿರಲಿಲ್ಲ. ಮನೆಯ ಅಭ್ಯಾಸದಲ್ಲಿ ಕೊನೆಯ ಸ್ವರ ನುಡಿಸಿದ ಮೇಲೂ ಅಪ್ಪ ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಊದಿ ಸುಸ್ತಾಗಿದೆ ಎಂದು ಅಮ್ಮ ಕಾಫಿ ತರುತ್ತಿದ್ದಳು.

ಮುಗಿದ ಮೇಲೆ ಆ ದೊಡ್ಡ ಹಾಲಿನಲ್ಲಿ ನನ್ನೊಬ್ಬಳದೇ ಚಪ್ಪಾಳೆ. ಅವರೆಲ್ಲ ನಕ್ಕು, ಕೆಲವರು ಪಿಟೀಲಿನ ಬಿಲ್ಲಿನಿಂದ ಹಾಳೆಯ ಸ್ಟ್ಯಾಂಡನ್ನು ತಟ್ಟಿ, ವಾದ್ಯಗಳನ್ನು ಪೆಟ್ಟಿಗೆಗೆ ಹಾಕತೊಡಗಿದರು. ನಿರ್ವಾಹಕರು ಬಂದು ಕೈಕುಲುಕಿ ಹೋದರು. ಹಾಲು ಖಾಲಿಯಾಯಿತು. ಡೊರೊಥಿ ಕೋಟು ಹಾಕಿಕೊಂಡು ಹತ್ತಿರ ಬಂದು, "ನೀವು ಹುಡುಕುತ್ತಿದ್ದದ್ದು ಸಿಕ್ಕಿತೇ?" ಎಂದರು.

ನಾನು ಸಿಕ್ಕಿತು ಎಂದೆ. ಆದರೂ ಕಾಲು ಬಾಗಿಲ ಕಡೆ ಏಳಲಿಲ್ಲ. ನನ್ನ ಇಂಗ್ಲಿಷನ್ನು ಕೂಡಿಸಿಕೊಂಡು, "ನಿಮ್ಮದೊಂದನ್ನೇ, ಇನ್ನೊಂದು ಸಲ ನುಡಿಸುತ್ತೀರಾ?" ಎಂದು ಕೇಳಿದೆ.

"ಬರೀ ನನ್ನದೇ? ಅದೊಂದೇ ಆದರೆ ಅದರಲ್ಲಿ ಏನೂ ಇಲ್ಲವಲ್ಲ."

"ಪರವಾಗಿಲ್ಲ."

ಅವರು ಕೋಟಿನಲ್ಲೇ ಕೂತು ಪೆಟ್ಟಿಗೆ ತೆರೆದು ತುಂಡುಗಳನ್ನು ಮತ್ತೆ ಜೋಡಿಸಿದರು. ಪಾ... ಪಾ... ಮ ಪಾ. ನಿಲ್ಲಿಸಿದರು. ತುಟಿಯಲ್ಲಿ ಎಣಿಸಿದರು. ಖಾಲಿ ಹಾಲು. ಆದರೆ ನನಗೆ ಗಾಡಿ ಬಂತು. ಗಂಟೆ ಕೇಳಿತು. ಅವರು ಮತ್ತೆ ಒಂದು ಸ್ವರ ಹಿಡಿದು ನಿಲ್ಲಿಸಿದಾಗ ಕೆರೆಯ ಮೇಲೆ ಕೊಳಲುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋದವು. ಈಗ ಎಲ್ಲಿಯೂ ಖಾಲಿ ಇರಲಿಲ್ಲ, ಅಪ್ಪನೂ ಕಳೆದುಹೋಗಿರಲಿಲ್ಲ. ಮನೆಯ ಮೂಲೆಯಲ್ಲಿ ಒಂಟಿ ಸ್ವರ ಊದುತ್ತಿದ್ದ ಅವರಿಗೆ ಪ್ರತಿದಿನ ಕೇಳುತ್ತಿದ್ದದ್ದು ಹೀಗೆ. ಚಕ್ರ ನಿಧಾನವಾಯಿತು. ಕೊನೆಯ "ಪಾ" ಬಂತು, ಹೋಯಿತು.

ಡೊರೊಥಿ ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. ಏಳಲಿಲ್ಲ. ನನ್ನ ಕಡೆ ನೋಡಿ, ತಡೆಯಿರಿ ಎನ್ನುವಂತೆ ಒಂದು ಬೆರಳನ್ನು ಸ್ವಲ್ಪ ಎತ್ತಿ ಹಿಡಿದರು. ನಾನು ತಲೆಯಾಡಿಸಿದೆ. ಗಾಡಿಯ ಗುರುತುಗಳ ಮೇಲೆ ಹಿಮ ಬೀಳುವುದನ್ನು ಕೇಳುತ್ತ ಇಬ್ಬರೂ ಕೂತೆವು.

ಬಾಗಿಲು ಕಿರ್ ಎಂದಿತು. ಇವರು ಒಳಗೆ ಬಂದು, ಖಾಲಿ ಕುರ್ಚಿಗಳನ್ನು, ಮಾತಿಲ್ಲದೆ ಎದುರುಬದುರು ಕೂತ ನಮ್ಮಿಬ್ಬರನ್ನು ನೋಡಿದರು.

"ಏನೇ, ಮುಗೀತಾ?"

"ಇನ್ನೂ ಇಲ್ಲ ರೀ," ಎಂದೆ. "ಸ್ವಲ್ಪ ಇರಿ."

ಇವರು ಕ್ಯಾಪು ತೆಗೆದು ಪಕ್ಕದ ಕುರ್ಚಿಯಲ್ಲಿ ಕೂತರು.